ವಿಮಾನ ಶಾಲೆಯ ತಪಾಸಣೆಗೆ ಹೋದ ಗ್ಯಾರೇಜಿನವನು

ಕಲ್ಯಾಣ ನಗರ, ಎರಡನೇ ಮಹಡಿ

ಫಿಲಿಪೀನ್ಸ್ ದೇಶ ನೋಡಬೇಕೆಂಬ ಆಸೆ ನನಗೆ ಎಂದೂ ಇರಲಿಲ್ಲ. ಅಲ್ಲಿಗೆ ನಾನು ಹೋದದ್ದು ಕಲ್ಯಾಣ ನಗರದ ಒಬ್ಬ ಕನ್ಸಲ್ಟೆಂಟಿನ ಮೇಲಿನ ಸಿಟ್ಟಿಗೆ.

ಹಲಸೂರಿನಲ್ಲಿ ನನಗೊಂದು ಕಾರ್ ಗ್ಯಾರೇಜ್ ಇದೆ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಶಿವಾಜಿನಗರದ ಉಸ್ತಾದರೊಬ್ಬರ ಬಳಿ ಕೆಲಸ ಕಲಿತು, ಯಾರ ಮುಂದೆಯೂ ಕೈಯೊಡ್ಡದೆ ಇದನ್ನು ಕಟ್ಟಿದೆ. ಮಗಳು ಸುಜಾತ ಪಿಯುಸಿ ಮುಗಿಸಿ ಏರ್‌ಲೈನ್ ಪೈಲಟ್ ಆಗುತ್ತೇನೆ ಎಂದಾಗ ನೆಂಟರೆಲ್ಲ ನಕ್ಕರು. ನಾನು ನಗಲಿಲ್ಲ. ಎಂಜಿನ್ ಸದ್ದು ಕೇಳಿಕೊಂಡೇ ನಡೆಯಲು ಕಲಿತ ಹುಡುಗಿ ಇನ್ನೂ ದೊಡ್ಡ ಎಂಜಿನ್ ಬೇಕು ಎಂದರೆ ಅದರಲ್ಲಿ ನಗುವಂಥದ್ದೇನಿದೆ? ಕಣ್ಣು, ಕಿವಿ, ಹೃದಯ ಎಲ್ಲ ಪರೀಕ್ಷೆಯಲ್ಲೂ ಪಾಸಾದಳು. ಉಳಿದದ್ದು ಹಾರಾಟ ಕಲಿಸುವ ಶಾಲೆಯನ್ನು ಆರಿಸುವುದು. ಅದು ಮಧ್ಯಾಹ್ನದ ಊಟದೊಳಗೆ ಮುಗಿಯುವ ಕೆಲಸ ಎಂದುಕೊಂಡಿದ್ದೆ.

ಬೆಂಗಳೂರಿನಲ್ಲಿ ಪೈಲಟ್ ಆದವರು ಕಡಿಮೆ, ಪೈಲಟ್ ಆಗುವುದು ಹೇಗೆಂದು ಹೇಳುವವರು ಬೀದಿಗೆ ಹತ್ತು ಜನ. ಒಬ್ಬರು ದಕ್ಷಿಣ ಆಫ್ರಿಕಾ ಎಂದರು, ಒಬ್ಬರು ಅಮೆರಿಕ ಎಂದರು, ಇಂದಿರಾನಗರದಿಂದ ಕಾರು ಸರ್ವಿಸಿಗೆ ತರುವ ಒಬ್ಬರು, ಸುಮ್ಮನೆ ಮದುವೆ ಮಾಡಿ ಎಂದರು. ಅವರ ಕಾರನ್ನು ಅವತ್ತು ಕೊನೆಗೆ ಮುಟ್ಟಿದೆ. ಕೊನೆಗೆ ಸುಜಾತಳೇ ಕಲ್ಯಾಣ ನಗರದ ಕನ್ಸಲ್ಟೆಂಟ್ ಪ್ರವೀಣನ ಆಫೀಸಿಗೆ ಕರೆದುಕೊಂಡು ಹೋದಳು. ಗೋಡೆಯ ತುಂಬ ಮೋಡಗಳ ಚಿತ್ರ. ಟೈ ಕಟ್ಟಿದ ಹುಡುಗ, ಅವನೇ ಪ್ರವೀಣ, ಒಂದು ಬಣ್ಣದ ಪುಸ್ತಕ ಮುಂದೆ ಇಟ್ಟ.

"ಅಂಕಲ್, ಫಿಲಿಪೀನ್ಸ್‌ನಲ್ಲಿ ಈ ಸ್ಕೂಲು ಬೆಸ್ಟು. ಕಣ್ಮುಚ್ಕೊಂಡು ಸೈನ್ ಮಾಡ್ಬಿಡಿ."

"ನೀವು ಹೋಗಿ ನೋಡಿದ್ದೀರಾ?"

"ವಿಡಿಯೋ ನೋಡಿದೀನಿ ಅಂಕಲ್. ಡ್ರೋನ್ ಶಾಟ್ ಎಲ್ಲ ಇದೆ."

"ಅಲ್ಲಿ ಎಂಜಿನ್ ಕೆಲಸ ಯಾರು ಮಾಡ್ತಾರೆ?"

"ಎಂಜಿನ್ನಾ?" ಎಂದು ಸುಜಾತಳ ಮುಖ ನೋಡಿ ನಕ್ಕ. "ಅದೆಲ್ಲ ಅವರು ನೋಡ್ಕೊತಾರೆ ಅಂಕಲ್. ಹಾಸ್ಟೆಲ್‌ನಲ್ಲಿ ಸೌತ್ ಇಂಡಿಯನ್ ಊಟ ಇದೆ, ಪೇರೆಂಟ್ಸ್‌ಗೆ ಅದೇ ಮುಖ್ಯ."

ಮೈಯೆಲ್ಲ ಉರಿದುಹೋಯಿತು. ಕಲಿಯುವವರು ಹಾರಿಸುವುದು ಒಂದೇ ಎಂಜಿನ್ನಿನ ಚಿಕ್ಕ ವಿಮಾನ. ಹಳೇ ಮದ್ರಾಸ್ ರಸ್ತೆಯಲ್ಲಿ ಎಂಜಿನ್ ನಿಂತರೆ ಗಾಡಿಯನ್ನು ಪಕ್ಕಕ್ಕೆ ತಳ್ಳಬಹುದು. ಮೇಲೆ ನಿಂತರೆ ಎಲ್ಲಿಗೆ ತಳ್ಳುವುದು? ನನ್ನ ಒಬ್ಬಳೇ ಮಗಳು ಒಬ್ಬಳೇ ಕೂತು ಹಾರಿಸುವ ದಿನ ಬರುತ್ತದೆ. ಅವತ್ತು ಅವಳ ಜೀವ ಯಾವನೋ ಮೆಕ್ಯಾನಿಕ್ಕಿನ ಕೈಯಲ್ಲಿ ಇರುತ್ತದೆ. ಹಾಸ್ಟೆಲ್ಲಿನ ಸಾಂಬಾರು ಅವಳನ್ನು ಹಿಡಿದುಕೊಳ್ಳುವುದಿಲ್ಲ.

"ಆ ಮೆಕ್ಯಾನಿಕ್ಕನ್ನ ನಾನೇ ನೋಡ್ಬೇಕು," ಎಂದೆ.

"ಅಂಕಲ್, ಯಾರೂ ಹಂಗೆ ಹೋಗಲ್ಲ."

"ನಾನು ಹೋಗ್ತೀನಿ."

ಸುಜಾತ ಮೆಟ್ಟಿಲಿಳಿಯುವಾಗ ಹೇಳಿದಳು: "ಅಪ್ಪಾ, ಅಲ್ಲಿ ಬಂದು ನನ್ನ ಮಾನ ಕಳೀಬೇಡ."

ಮನಿಲಾ

ನಮ್ಮ ಟಿನ್ ಫ್ಯಾಕ್ಟರಿ ಜಂಕ್ಷನ್ನಿನ ಸಂಜೆಗಿಂತ ಕೆಟ್ಟ ಟ್ರಾಫಿಕ್ ಭೂಮಿಯ ಮೇಲೆ ಇಲ್ಲ ಎಂಬುದು ನನ್ನ ಇಷ್ಟು ವರ್ಷದ ನಂಬಿಕೆ. ಮನಿಲಾ ಅದನ್ನು ಒಂದು ಗಂಟೆಯಲ್ಲಿ ಅಳಿಸಿಹಾಕಿತು. ವ್ಯತ್ಯಾಸವೆಂದರೆ ಅಲ್ಲಿ ಯಾರೂ ಹಾರ್ನ್ ಹೊಡೆದು ಜಗಳಕ್ಕೆ ಇಳಿಯುವುದಿಲ್ಲ. ಸುಮ್ಮನೆ ಕೂತು ಹಾಡು ಗುನುಗುತ್ತಾರೆ. ನನಗೆ ಅದನ್ನು ನೋಡಿಯೇ ಇನ್ನಷ್ಟು ರೇಗಿತು.

ಮೊದಲ ಜಗಳ ಟ್ಯಾಕ್ಸಿಯವನ ಜೊತೆ ಆಗಬೇಕಿತ್ತು, ಅವನು ಆಗಗೊಡಲಿಲ್ಲ. "ಉತ್ತರದ ಬಸ್ ನಿಲ್ದಾಣಕ್ಕೆ ಬರ್ತೀರಾ?" ಎಂದು ನನ್ನ ಗ್ಯಾರೇಜು ಇಂಗ್ಲಿಷಿನಲ್ಲಿ ಕೇಳಿದೆ. ಅವನು ಬಾಯಿ ಬಿಡದೆ ಹುಬ್ಬು ಮೇಲೆತ್ತಿದ. ಮತ್ತೆ ಕೇಳಿದೆ. ಮತ್ತೆ ಹುಬ್ಬು. ನಾನು ಕೋಪದಲ್ಲಿ ತಲೆ ಅಲ್ಲಾಡಿಸಿದೆ. ನಮ್ಮ ತಲೆಯಾಟ ನೋಡಿ ಅವನಿಗೆ ಗೊಂದಲವಾಗಿ ಇನ್ನೊಮ್ಮೆ ಹುಬ್ಬು ಎತ್ತಿದ. ಬಿಸಿಲಲ್ಲಿ ನಿಂತು ಒಬ್ಬರಿಗೊಬ್ಬರು ಹುಬ್ಬು ತಲೆ ಆಡಿಸುತ್ತಿದ್ದ ನಮ್ಮಿಬ್ಬರನ್ನು ನೋಡಿ ಸುಜಾತ ಬ್ಯಾಗುಗಳನ್ನು ತಾನೇ ಡಿಕ್ಕಿಗೆ ಹಾಕಿದಳು.

"ಹುಬ್ಬು ಎತ್ತಿದ್ರೆ ಹೌದು ಅಂತ ಕಣಪ್ಪಾ. ಎಲ್ಲರ ವಿಡಿಯೋದಲ್ಲೂ ಹೇಳ್ತಾರೆ."

"ಬಾಯಿ ಇದೆಯಲ್ಲ, ಬಾಯಲ್ಲಿ ಹೇಳಕ್ಕೇನು?"

ಬಾಯಿಯನ್ನು ಅವರು ಬೇರೆ ಕೆಲಸಕ್ಕೆ ಇಟ್ಟುಕೊಂಡಿದ್ದಾರೆ. ನಿಲ್ದಾಣದಲ್ಲಿ ಬಸ್ಸು ಎಲ್ಲಿ ಎಂದು ಕೇಳಿದರೆ ಕಾವಲುಗಾರ ತುಟಿಯನ್ನು ಚೂಪು ಮಾಡಿ ಒಂದು ದಿಕ್ಕಿಗೆ ಚಾಚಿದ. ಶಿವಾಜಿನಗರದಲ್ಲಿ ಯಾವನಾದರೂ ಹೀಗೆ ತುಟಿ ಚಾಚಿ ದಾರಿ ತೋರಿಸಿದರೆ ಸಂಜೆಯೊಳಗೆ ಪೊಲೀಸ್ ಠಾಣೆಯಲ್ಲಿ ಇರುತ್ತಾನೆ.

ಊಟದ ವಿಷಯದಲ್ಲಿ ಮಾತ್ರ ದೂರು ಕಡಿಮೆ. ಬೆಳಿಗ್ಗೆಯೇ ಬೆಳ್ಳುಳ್ಳಿ ಹಾಕಿ ಹುರಿದ ಅನ್ನ, ಒಣಮೀನು. ಮಧ್ಯಾಹ್ನ ಹುಣಸೆಹಣ್ಣು ಹಿಂಡಿದ ಒಂದು ಹುಳಿ ಸಾರು. ನಮ್ಮ ಅತ್ತೆ ಮಾಡುವ ಮೀನು ಸಾರಿಗೆ ಖಾರ ಹಾಕಲು ಮರೆತರೆ ಹೀಗೇ ಇರುತ್ತದೆ. ಆದರೆ ನೂಡಲ್ಸಿಗೆ ಸಕ್ಕರೆ ಹಾಕಿದವರನ್ನು ನಾನು ಇನ್ನೂ ಕ್ಷಮಿಸಿಲ್ಲ.

ಗಾಜಿನ ಶಾಲೆ

ಬಸ್ಸು ನಮ್ಮನ್ನು ಉತ್ತರದ ಒಂದು ಕರಾವಳಿ ಊರಿಗೆ ತಂದು ಬಿಟ್ಟಿತು. ಅಲ್ಲಿನ ರನ್‌ವೇ ಸುತ್ತ ಹಾರಾಟದ ಶಾಲೆಗಳಿವೆ. ಯಾವುದರ ಹೆಸರನ್ನೂ ನಾನು ಬರೆಯುವುದಿಲ್ಲ. ಪ್ರವೀಣ ಹೇಳಿದ ಶಾಲೆಯ ಮುಂಭಾಗವೆಲ್ಲ ಗಾಜು. ಹಾಗಾಗಿ ನಮ್ಮಿಬ್ಬರ ಮಾತಿನಲ್ಲಿ ಅದು ಗಾಜಿನ ಶಾಲೆ.

ಬಾಗಿಲಲ್ಲೇ ತಣ್ಣನೆಯ ಜ್ಯೂಸು ಕೊಟ್ಟರು. ಸುಜಾತಳ ತಲೆಗೆ ಪೈಲಟ್ ಟೋಪಿ ಹಾಕಿ, ಚಿನ್ನದ ಬಣ್ಣದ ಚೌಕಟ್ಟಿನ ಹಿಂದೆ ನಿಲ್ಲಿಸಿ ಫೋಟೋ ತೆಗೆದರು. ನನ್ನ ತಲೆಗೂ ಒಂದು ಟೋಪಿ ಬಂತು. ಮ್ಯಾನೇಜರು ನನ್ನನ್ನು ಸರ್ ಎಂದು ಎಷ್ಟು ಸಲ ಕರೆದರೆಂದರೆ, ಇಡೀ ಜೀವನದಲ್ಲಿ ನನ್ನ ಗಿರಾಕಿಗಳು ಅಷ್ಟು ಸಲ ಕರೆದಿಲ್ಲ. ಆಮೇಲೆ ಅವಳನ್ನು ಅರ್ಧ ಗಂಟೆ ವಿಮಾನದಲ್ಲಿ ಮೇಲೆ ಕರೆದುಕೊಂಡು ಹೋದರು.

ಇಳಿದವಳು ಓಡಿ ಬಂದಳು. ಬೆವೆತ ಕೈಯಿಂದ ನನ್ನ ಕೈ ಹಿಡಿದುಕೊಂಡಳು.

"ಸಮುದ್ರದ ಮೇಲೆ ನಾನೇ ತಿರುಗಿಸ್ದೆ ಅಪ್ಪಾ. ಅವರು ಸ್ಟೇರಿಂಗ್ ಬಿಟ್ಬಿಟ್ರು."

"ಬಿಟ್ಬಿಟ್ರಾ?"

"ಬೈಬೇಡ. ಹಂಗೇ ಕಲಿಸೋದು."

ವಿಮಾನ ರಿಪೇರಿಯ ಶೆಡ್ಡು ತೋರಿಸಿ ಎಂದೆ. ತೋರಿಸಿದರು. ಟಾರ್ಪಾಲಿನ ಮೇಲೆ ಸಾಮಾನು ಹರಡಿಕೊಂಡು, ರೇಡಿಯೋ ಹಾಕಿಕೊಂಡು, ಇಬ್ಬರು ಮೆಕ್ಯಾನಿಕ್ಕುಗಳು ಶಿಳ್ಳೆ ಹೊಡೆಯುತ್ತ ಕೆಲಸ ಮಾಡುತ್ತಿದ್ದರು. ನನ್ನ ಗ್ಯಾರೇಜಿಗೇ ಬಂದ ಹಾಗಾಯಿತು. ಒಬ್ಬ ನನಗೆ ಸಿಗರೇಟು ಚಾಚಿದ. ಒಳ್ಳೆಯ ಜನ ಎನಿಸಿತು. ಸತ್ಯ ಹೇಳಬೇಕೆಂದರೆ ಅವತ್ತೇ ಸಹಿ ಹಾಕಲು ಕೈ ಹೋಗಿತ್ತು. ಆದರೆ ಎರಡನೇ ಅಂಗಡಿ ನೋಡದೆ ನಾನು ಒಂದು ಬಲ್ಬನ್ನೂ ಕೊಂಡವನಲ್ಲ. ಪ್ರವೀಣ ಫೋನಿನಲ್ಲಿ, "ಅಂಕಲ್, ಸೋಮವಾರದೊಳಗೆ ಕನ್ಫರ್ಮ್ ಮಾಡಿಲ್ಲ ಅಂದ್ರೆ ಸೀಟು ಹೋಗ್ಬಿಡತ್ತೆ," ಎಂದು ಬೆದರಿಸಿದ ಮೇಲಂತೂ ಇನ್ನೊಂದನ್ನು ನೋಡಲೇಬೇಕೆಂಬ ಹಟ ಬಂತು.

ತಗಡಿನ ಶಾಲೆ, ಬೆಳಿಗ್ಗೆ

ಆ ಇನ್ನೊಂದು ಶಾಲೆಗೆ ಜೀಪ್ನಿಯಲ್ಲಿ ಹೋದೆವು. ಹಳೆಯ ಜೀಪನ್ನು ಉದ್ದಕ್ಕೆ ಎಳೆದು, ತಗಡು ಹೊಡೆದು, ಮೈತುಂಬ ಬಣ್ಣ ಬಳಿದಂಥ ಗಾಡಿ ಅದು. ಹಿಂದಿನಿಂದ ಹತ್ತಿ ಎದುರುಬದುರು ಕೂರಬೇಕು. ಬಾಡಿ ಕೆಲಸ ಮಾಡಿದವನ ಕೈಗೆ ನಮಸ್ಕಾರ ಹೇಳಬೇಕು ಎನಿಸಿತು. ಆ ಊರಿನಲ್ಲಿ ನನಗೆ ಸಿಟ್ಟು ಬರಿಸದ ಒಂದೇ ವಸ್ತು.

ಇಳಿದ ಕೂಡಲೇ ಸಿಟ್ಟು ವಾಪಸು ಬಂತು. ಶಾಲೆ ಎಂದರೆ ಎರಡು ತಗಡಿನ ಶೆಡ್ಡು, ಒಂದು ವರಾಂಡ. ಜ್ಯೂಸಿಲ್ಲ, ಟೋಪಿಯಿಲ್ಲ. ಗೇಟಿನಲ್ಲಿ ಹೆಸರು ಬರೆಸಿದರು, ಶೆಡ್ಡಿನ ಬಾಗಿಲಲ್ಲಿ ಮತ್ತೆ ಬರೆಸಿದರು. ಕಿತ್ತಳೆ ಬಣ್ಣದ ಮೇಲಂಗಿ ತೊಡಿಸಿದರು. ಅಲ್ಲಿನ ಸುರಕ್ಷತೆಯ ಅಧಿಕಾರಿ ಲೂರ್ದೆಸ್ ಎಂಬ ಅರವತ್ತರ ಹೆಂಗಸು. ನನ್ನ ಎದೆಯವರೆಗೂ ಬರದ ಎತ್ತರ, ಕೈಯಲ್ಲಿ ಬಿಸಿಲಿಗೆ ಕೊಡೆ. ನನ್ನ ಅಂಗಿಯ ಜೇಬು ನೋಡಿ, ಬಗ್ಗಿದರೆ ಬೀಳುವ ವಸ್ತುಗಳನ್ನೆಲ್ಲ ಇಲ್ಲಿಡಿ ಎಂದು ಒಂದು ತಟ್ಟೆ ಚಾಚಿದರು. ಪೆನ್ನು, ಬಾಚಣಿಗೆ, ಚಿಲ್ಲರೆ ಎಲ್ಲ ಇಟ್ಟೆ. ನನ್ನನ್ನು ಕಳ್ಳನ ಹಾಗೆ ನೋಡುತ್ತಾರಲ್ಲ ಎಂದು ಸುಜಾತಳ ಕಿವಿಯಲ್ಲಿ ಗೊಣಗಿದೆ.

"ರೂಲ್ಸು ಅಪ್ಪಾ. ಸುಮ್ನಿರು," ಎಂದು ಅವಳು ಪಾಠದ ಕೋಣೆಗೆ ಹೋದಳು. ಮಧ್ಯಾಹ್ನ ಎರಡು ಗಂಟೆಗೆ ಇಲ್ಲೂ ಅವಳಿಗೆ ಅರ್ಧ ಗಂಟೆ ಹಾರಾಟವಿತ್ತು. ಅದಕ್ಕೆ ಮುಂಚೆ ಹವಾಮಾನದ ಬಗ್ಗೆ ಏನೋ ಹೇಳಿಕೊಡಬೇಕಂತೆ.

ಶೆಡ್ಡಿನೊಳಗೆ ಮಾತ್ರ ನನ್ನ ಗೊಣಗಾಟ ನಿಂತಿತು. ಗೋಡೆಗೆ ಒಂದು ದೊಡ್ಡ ಹಲಗೆ. ಪ್ರತಿ ಸ್ಪ್ಯಾನರಿನ, ಪ್ರತಿ ಸ್ಕ್ರೂಡ್ರೈವರಿನ ಆಕಾರವನ್ನು ಕಪ್ಪು ಬಣ್ಣದಲ್ಲಿ ಬರೆದಿದ್ದಾರೆ. ಅಲ್ಲಿ ತೂಗುಹಾಕಿದ ಸಾಮಾನು ತೆಗೆದರೆ ಆ ಆಕಾರ ನೆರಳಿನಂತೆ ಉಳಿಯುತ್ತದೆ. ಬೆನ್ನಿ ಎಂಬ ಮೆಕ್ಯಾನಿಕ್ಕು, ನನ್ನದೇ ವಯಸ್ಸಿನವನು, ಒಂದು ವಿಮಾನದ ಮೂತಿ ಬಿಚ್ಚಿ ಕೆಲಸ ಮಾಡುತ್ತಿದ್ದ. ಬೈಕಿನ ಹಾಗೆ ಗಾಳಿಗೇ ತಣಿಯುವ ಎಂಜಿನ್ನು. ನಾನೂ ಇದೇ ಕಸುಬಿನವನೆಂದು ಕೈ ತೋರಿಸಿದೆ. ನನ್ನ ಉಗುರಿನ ಸಂದಿಯ ಕಪ್ಪು ನೋಡಿಯೇ ಅವನಿಗೆ ತಿಳಿಯಿತು. ಹುಬ್ಬು ಎತ್ತಿ ನಕ್ಕು, ಕೈಯಲ್ಲಿದ್ದ ಸ್ಪ್ಯಾನರನ್ನು ನನ್ನ ಕೈಗಿಟ್ಟ. ಇಂಚಿನ ಅಳತೆಯದು. ಈಗ ನಮ್ಮಲ್ಲಿ ಎಲ್ಲ ಮಿಲಿಮೀಟರು. ಹಳೇ ಜೀಪುಗಳಿಗೆ ಬರುತ್ತಿದ್ದ ಆ ಅಳತೆಯನ್ನು ಮುಟ್ಟಿ ಎಷ್ಟೋ ವರ್ಷವಾಗಿತ್ತು.

ಅಷ್ಟರಲ್ಲಿ ಅವನು ಹೊಗೆ ಕೊಳವೆಯ ಒಂದು ಜೋಡಣೆ ತೋರಿಸಿದ. ಬಗ್ಗಿ, ಎರಡೂ ಕೈ ಊರಿ ನೋಡಿದೆ. ಬಿರುಕು ಕಂಡುಹಿಡಿಯಲು ಅವನು ಬೆಳಕು ಹಿಡಿಯುವ ರೀತಿ, ಒರೆಸುವ ರೀತಿ ನೋಡುತ್ತ ಹೊತ್ತು ಹೋದದ್ದೇ ತಿಳಿಯಲಿಲ್ಲ. ಊಟಕ್ಕೆ ಸುಜಾತ ಬಂದು ಕರೆದಳು. ಮೇಲಂಗಿ ಬಿಚ್ಚಿ ಕೊಟ್ಟು, ನನ್ನ ಬಾಚಣಿಗೆ ವಾಪಸು ತೆಗೆದುಕೊಂಡು ಊರೊಳಗೆ ಹೋದೆವು.

ತಗಡಿನ ಶಾಲೆ, ಮಧ್ಯಾಹ್ನ

ಎರಡು ಗಂಟೆಗೆ ಬಂದರೆ ಒಂದು ವಿಮಾನವೂ ಹಾರುತ್ತಿಲ್ಲ. ವಿದ್ಯಾರ್ಥಿಗಳು, ಕಲಿಸುವವರು, ಅಡುಗೆಯವರು ಕೂಡ ಸಾಲಾಗಿ ನಿಂತು, ನೆಲ ನೋಡುತ್ತ ಹುಲ್ಲಿನಲ್ಲಿ ಹೆಜ್ಜೆ ಹೆಜ್ಜೆ ನಡೆಯುತ್ತಿದ್ದಾರೆ. ಹಲಗೆಯ ಮೇಲೆ ಒಂದು ನೆರಳು ಖಾಲಿಯಿದೆಯಂತೆ. ಒಂದು ಸ್ಪ್ಯಾನರು ಇಲ್ಲ. ಅದು ಯಾವುದಾದರೂ ಎಂಜಿನ್ನಿನ ಒಳಗೆ ಬಿದ್ದಿರಬಹುದು. ಸಿಗುವವರೆಗೂ ಯಾವ ವಿಮಾನವೂ ಮೇಲೇಳುವಂತಿಲ್ಲ.

ಲೂರ್ದೆಸ್ ನೇರವಾಗಿ ನನ್ನ ಬಳಿಗೆ ಬಂದರು. "ಸರ್, ಬೆನ್ನಿ ನಿಮ್ಮ ಕೈಗೆ ಸ್ಪ್ಯಾನರ್ ಕೊಟ್ಟಿದ್ದನಂತೆ."

"ಕೊಟ್ಟಿದ್ದ. ವಾಪಸ್ ಕೊಟ್ಟೆ."

"ಖಂಡಿತವೇ?"

ಆ ಪ್ರಶ್ನೆ ನನಗೆ ಚುಚ್ಚಿತು. "ಮೇಡಂ, ಮೂವತ್ತೈದು ವರ್ಷದಿಂದ ಇದೇ ಕೆಲಸ. ಇನ್ನೊಬ್ಬರ ಸಾಮಾನು ಮುಟ್ಟಿದವನಲ್ಲ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಬೆನ್ನಿ ಅಲ್ಲೇ ನಿಂತಿದ್ದ.

ಸುಜಾತಳನ್ನು ಪಾಠದ ಕೋಣೆಯಲ್ಲಿ ಕಾಯಲು ಹೇಳಿದರು. ನಾನು ಸಾಲಿಗೆ ಸೇರಿಕೊಂಡೆ. ಸೇರಿದ್ದು ಸಹಾಯಕ್ಕಲ್ಲ, ಗೊಣಗುವುದಕ್ಕೆ. ಒಂದು ಸ್ಪ್ಯಾನರಿಗೆ ಇಡೀ ಶಾಲೆ ನಿಲ್ಲಿಸುತ್ತಾರಲ್ಲ! ಶಿವಾಜಿನಗರದ ಗುಜರಿ ಸಾಲಿನಲ್ಲಿ ಇಂಥದ್ದು ಕೇಳಿದರೆ ಕೆದಕಿ ಕೆದಕಿ ಹತ್ತು ಕೊಡುತ್ತಾರೆ. ಪಕ್ಕದಲ್ಲಿದ್ದ ಅಡುಗೆಯವನಿಗೆ ಇದನ್ನೆಲ್ಲ ಕನ್ನಡದಲ್ಲೇ ಹೇಳಿದೆ. ಅವನು ಹುಬ್ಬು ಎತ್ತುತ್ತ ಬಂದ. ಬಿಸಿಲು ನೆತ್ತಿ ಸುಡುತ್ತಿತ್ತು. ಪಶ್ಚಿಮದಲ್ಲಿ ಮೋಡ ಕಟ್ಟುತ್ತಿತ್ತು.

ಬೇಲಿಯ ಹತ್ತಿರ ಒಂದು ಪೊದೆ. ಅದರ ಕೆಳಗೆ ನೋಡೋಣವೆಂದು ಮಂಡಿಯೂರಿದೆ. ಮಂಡಿಯ ಮೇಲೆ ಕಬ್ಬಿಣ ಒತ್ತಿತು.

ನಾನು ತೊಟ್ಟಿದ್ದದ್ದು ಪ್ರಯಾಣಕ್ಕೆಂದೇ ತಂದ ಆರು ಜೇಬಿನ ಪ್ಯಾಂಟು. ತೊಡೆಯ ಮೇಲಿನ ಜೇಬಿನಲ್ಲಿ, ಕನ್ನಡಕದ ಡಬ್ಬಿಯ ಪಕ್ಕದಲ್ಲಿ, ಆ ಸ್ಪ್ಯಾನರು ತಣ್ಣಗೆ ಕೂತಿತ್ತು. ಎರಡೂ ಕೈ ಬೇಕಾದಾಗ ಜೇಬಿಗೆ ಇಳಿಸಿದ್ದೆ. ನಮ್ಮ ಗ್ಯಾರೇಜುಗಳಲ್ಲಿ ಎಲ್ಲರೂ ಹಾಗೇ. ಉಸ್ತಾದರು ಮೊದಲ ದಿನವೇ ಹೇಳಿಕೊಟ್ಟದ್ದು, "ಪಾನಾ ಜಮೀನ್ ಪೋ ನಕ್ಕೊ ರಖ್" ಎಂದು. ಸ್ಪ್ಯಾನರನ್ನು ನೆಲಕ್ಕಿಡಬೇಡ. ಇಟ್ಟರೆ ಯಾವನೋ ಎತ್ತಿಕೊಂಡು ಹೋಗುತ್ತಾನೆ, ಇಲ್ಲವೇ ಮೋರಿಗೆ ಬೀಳುತ್ತದೆ. ಕೈಯಲ್ಲಿಲ್ಲದಿದ್ದರೆ ಜೇಬಿನಲ್ಲಿರಬೇಕು. ಮೂವತ್ತೈದು ವರ್ಷ ನಾನು ಹೆಮ್ಮೆಪಟ್ಟುಕೊಂಡು ಬಂದ ಶಿಸ್ತು ಅದು.

ಎದ್ದು ನಿಂತು ಹೇಳಿಬಿಡಬಹುದಿತ್ತು. ಆದರೆ ಒಂದು ಗಂಟೆಯ ಹಿಂದೆ ಎಲ್ಲರೆದುರು ಎದೆ ತಟ್ಟಿ ಆಡಿದ ಮಾತು ಇನ್ನೂ ಆ ಮೈದಾನದಲ್ಲೇ ಇತ್ತು. ಮಗಳ ಮುಖ ನೆನಪಾಯಿತು. ಸುತ್ತ ನೋಡಿದೆ. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಸ್ಪ್ಯಾನರನ್ನು ಮೆಲ್ಲಗೆ ಹುಲ್ಲಿಗೆ ಇಳಿಸಿದೆ. ಎರಡು ಹೆಜ್ಜೆ ಹಿಂದೆ ಬಂದೆ. "ಇಲ್ಲಿದೆ! ಇಲ್ಲಿದೆ!" ಎಂದು ಕೂಗಿದೆ.

ಜನ ಓಡಿ ಬಂದರು. ಚಪ್ಪಾಳೆ ತಟ್ಟಿದರು. ಅಡುಗೆಯವನು ನನ್ನನ್ನು ಅಪ್ಪಿಕೊಂಡ. ನನಗೆ ಉಸಿರು ಬಂತು.

ಲೂರ್ದೆಸ್ ಚಪ್ಪಾಳೆ ತಟ್ಟಲಿಲ್ಲ. ಕೊಡೆ ಮಡಚಿ, ಸ್ಪ್ಯಾನರು ಬಿದ್ದಿದ್ದ ಜಾಗವನ್ನೇ ನೋಡಿದರು.

"ಇಲ್ಲಿಗೆ ಹೇಗೆ ಬಂತು?" ಎಂದರು.

ಬೇಲಿಯುದ್ದಕ್ಕೂ ಕಣ್ಣಾಡಿಸಿ ಮುಂದುವರಿಸಿದರು.

"ಇಲ್ಲಿ ಯಾರೂ ಕೆಲಸ ಮಾಡಿಲ್ಲ. ಈ ಬೇಲಿಯ ಹತ್ತಿರ ಯಾವ ವಿಮಾನವೂ ಬರುವುದಿಲ್ಲ. ಇದು ಇಲ್ಲಿಗೆ ಹೇಗೆ ಬಂತೆಂದು ತಿಳಿಯದಿದ್ದರೆ, ನಾಳೆ ಇನ್ನೊಂದು ಎಲ್ಲಿಗೆ ಹೋಗುತ್ತದೆಂದು ನನಗೆ ಹೇಗೆ ತಿಳಿಯಬೇಕು?" ಆಮೇಲೆ ಬೆನ್ನಿಯ ಕಡೆ ತಿರುಗಿದರು. ಸಾಮಾನಿಗೆ ಸಹಿ ಹಾಕಿದವನು ಅವನು. ಕಾರಣ ತಿಳಿಯುವವರೆಗೂ ಅವನು ವಿಮಾನ ಮುಟ್ಟುವಂತಿಲ್ಲ, ಮನೆಗೆ ಹೋಗಬೇಕು.

ಬೆನ್ನಿ ಕೈ ಒರೆಸಿಕೊಂಡು ಗೇಟಿನ ಕಡೆ ನಡೆದ. ಹೋಗುವಾಗ ನನ್ನ ಮುಖವನ್ನೊಮ್ಮೆ ನೋಡಿದ. ಅವನಿಗೆ ಗೊತ್ತಿತ್ತು. ಕಸುಬಿನವನಿಗೆ ಗೊತ್ತಾಗದೆ ಇರುತ್ತದೆಯೇ? ಆದರೂ ಬಾಯಿ ಬಿಡಲಿಲ್ಲ. ಅತಿಥಿ ಎಂದು ಬಿಟ್ಟನೋ, ಒಂದೇ ಕಸುಬಿನವನೆಂದು ಮರ್ಯಾದೆ ಕೊಟ್ಟನೋ ತಿಳಿಯದು. ಅವನು ಬೈದಿದ್ದರೆ ನಾನು ಜಗಳ ಮಾಡಿ ತಪ್ಪಿಸಿಕೊಳ್ಳುತ್ತಿದ್ದೆ.

"ಮೇಡಂ," ಎಂದೆ. ಜೇಬು ತೋರಿಸಿದೆ, ಹುಲ್ಲು ತೋರಿಸಿದೆ, ನನ್ನ ಎದೆ ತೋರಿಸಿದೆ. ಬಂದಷ್ಟು ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ.

ಅವರು ಬೈಯಲಿಲ್ಲ. ಗೇಟಿನವನಿಗೆ ಕೈ ಮಾಡಿ ಬೆನ್ನಿಯನ್ನು ನಿಲ್ಲಿಸಿದರು. ನನ್ನನ್ನು ವರಾಂಡಕ್ಕೆ ಕರೆದುಕೊಂಡು ಹೋಗಿ ಒಂದು ದಪ್ಪ ಪುಸ್ತಕ ತೆರೆದು ಪೆನ್ನು ಕೊಟ್ಟರು. ನಡೆದದ್ದನ್ನು ನಡೆದ ಹಾಗೆ ಬರೆಯಬೇಕಂತೆ.

"ನನಗೆ ಇಂಗ್ಲಿಷ್ ಬರೆಯಲು ಬರುವುದಿಲ್ಲ," ಎಂದೆ. ಆ ಮಾತನ್ನು ನಾನು ಬ್ಯಾಂಕಿನಲ್ಲೂ ಹೇಳಿದವನಲ್ಲ.

"ನಿಮಗೆ ಬರುವುದರಲ್ಲಿ ಬರೆಯಿರಿ."

ಕನ್ನಡದಲ್ಲಿ ಬರೆದೆ. ಐದಾರು ಸಾಲು. ಬಾಯಲ್ಲಿ ಹೇಳಿದ್ದನ್ನೇ ಬರೆದಿದ್ದೇನೆಂದು ನಂಬಿ ಅವರು ಪುಸ್ತಕ ಮುಚ್ಚಿದರು. ಕಾಲು ಗಂಟೆಯಲ್ಲಿ ಮೊದಲ ವಿಮಾನ ಮೇಲೆದ್ದಿತು. ಅರ್ಧ ಗಂಟೆಯಲ್ಲಿ ಮೋಡ ರನ್‌ವೇ ಮೇಲೆ ಬಂತು, ಎಲ್ಲ ಮತ್ತೆ ಇಳಿದವು. ಸುಜಾತಳ ಸರದಿ ಬರಲೇ ಇಲ್ಲ.

ಜೀಪ್ನಿಯಲ್ಲಿ ಅವಳು ನನ್ನ ಎದುರಿಗೆ ಕೂತು ಹೊರಗೆ ನೋಡುತ್ತಿದ್ದಳು.

"ಏನಾಯ್ತು ಅಲ್ಲಿ?"

"ಸ್ಪ್ಯಾನರು ನನ್ನ ಜೇಬಲ್ಲೇ ಉಳಿದುಬಿಟ್ಟಿತ್ತು ಕಣಮ್ಮ. ಕೊಟ್ಟೆ," ಎಂದೆ. ಹುಲ್ಲಿನ ವಿಷಯ ಬಾಯಿಂದ ಹೊರಡಲಿಲ್ಲ.

"ನಾನೇನ್ ಹೇಳಿದ್ದೆ ನಿಂಗೆ ಕಲ್ಯಾಣ ನಗರದಲ್ಲಿ? ಅಷ್ಟು ದೂರದಿಂದ ಬಂದು, ಹಾರೋ ಒಂದು ಚಾನ್ಸು ಹಾಳು ಮಾಡ್ದೆ. ನಾಳೆ ಗಾಜಿನ ಶಾಲೆಗೆ ಹೋಗಿ ಸೈನ್ ಮಾಡೋಣ. ಈ ಸ್ಕೂಲಲ್ಲಿ ನಾನು ಮುಖ ತೋರ್ಸಲ್ಲ."

ಮತ್ತೆ ಗಾಜಿನ ಶಾಲೆ

ನನಗೆ ಈಗ ತಗಡಿನ ಶಾಲೆಯೇ ಬೇಕಾಗಿತ್ತು. ಒಂದು ಸ್ಪ್ಯಾನರಿಗೆ ಇಡೀ ಆಕಾಶ ನಿಲ್ಲಿಸಿದ ಜನ ಅವರು. ಆದರೆ ನನ್ನಿಂದಲೇ ಅವಳಿಗೆ ಅಲ್ಲಿ ತಲೆಯೆತ್ತಲಾಗದ ಹಾಗಾಗಿತ್ತು. ಯಾವ ಬಾಯಲ್ಲಿ ಹೇಳುವುದು? ಬೆಳಗಾಗುವ ಹೊತ್ತಿಗೆ ಒಂದು ದೊಡ್ಡ ಭಾಷಣವನ್ನು ಮನಸ್ಸಿನಲ್ಲೇ ಕಟ್ಟಿಕೊಂಡಿದ್ದೆ.

ಗಾಜಿನ ಶಾಲೆಯಲ್ಲಿ ಮತ್ತೆ ಜ್ಯೂಸು ಬಂತು. ಮ್ಯಾನೇಜರು ಕಾಗದಗಳನ್ನು ಹರಡಿದರು. ಸುಜಾತ ಪೆನ್ನು ಹಿಡಿದು, ಸಹಿ ಹಾಕುವ ಮುಂಚೆ ಒಂದು ಮಾತು ಕೇಳಿದಳು.

"ಸರ್, ಇಲ್ಲಿ ಟೂಲ್ ಕಳೆದುಹೋದ್ರೆ ಏನ್ ಮಾಡ್ತೀರಾ?"

ಮ್ಯಾನೇಜರು ನಕ್ಕರು. "ನಮ್ಮಲ್ಲಿ ಏನೂ ಕಳೆದುಹೋಗುವುದಿಲ್ಲ ಮ್ಯಾಮ್."

"ಒಂದ್ಸಲನೂ?"

"ಒಂದು ಸಲವೂ."

ಅವಳು ಪೆನ್ನಿಗೆ ಕ್ಯಾಪ್ ಹಾಕಿ ಮೇಜಿನ ಮೇಲಿಟ್ಟಳು. ಯೋಚಿಸಿ ಹೇಳುತ್ತೇವೆಂದು ಹೇಳಿ ಹೊರಗೆ ಬಂದಳು. ನಾನು ಭಾಷಣ ಶುರು ಮಾಡಬೇಕೆಂದು ಗಂಟಲು ಸರಿಮಾಡಿಕೊಂಡೆ.

"ಬೇಡಪ್ಪಾ, ಗೊತ್ತು," ಎಂದಳು. "ನಿನ್ನಂಥವರು ಇಲ್ಲಿಗೂ ಬರ್ತಾರಲ್ಲ. ಅವರ ಜೇಬಿನ ಸ್ಪ್ಯಾನರೆಲ್ಲ ಎಲ್ಲಿಗೋಗುತ್ತೆ?"

ಇಷ್ಟು ಚೆನ್ನಾಗಿ ಬೈಸಿಕೊಂಡದ್ದು ನನಗೆ ನೆನಪಿಲ್ಲ. ಅಷ್ಟರಲ್ಲಿ ಪ್ರವೀಣನ ಫೋನು. ಅವಳೇ ತೆಗೆದುಕೊಂಡಳು.

"ಆ ಸ್ಕೂಲು ಬೇಡ ಪ್ರವೀಣ್."

ಅವನು ಏನೋ ಕೂಗಾಡುವುದು ನನಗೂ ಕೇಳಿಸಿತು. "ಅಂಕಲ್‌ಗೆ ಕೊಡಿ, ಅಂಕಲ್‌ಗೆ ಕೊಡಿ."

"ಓದೋಳು ನಾನು. ಅಂಕಲ್ ಅಲ್ಲ," ಎಂದು ಇಟ್ಟಳು.

ತಗಡಿನ ಶಾಲೆ, ಕೊನೆಯ ದಿನ

ಅವತ್ತು ಹೊಸದಾಗಿ ಸೇರುವವರು ಐದು ಜನ. ಸುಜಾತ ಬಿಟ್ಟರೆ ಎಲ್ಲರೂ ಆ ದೇಶದವರೇ. ಉಳಿದ ಕಾಗದಪತ್ರ ಅಲ್ಲೇ ಆಗುತ್ತದೆಂದು ಅವಳು ಅಲ್ಲೇ ಉಳಿಯುವವಳು, ನಾನು ಮಧ್ಯಾಹ್ನದ ಬಸ್ಸಿಗೆ ಹೊರಡುವವನು. ಪಾಠದ ಕೋಣೆಯ ಹೊರಗೆ, ತಗಡಿನ ಗೋಡೆಗೆ ಒರಗಿ ನಿಂತಿದ್ದೆ. ಒಳಗಿನ ಪ್ರತಿ ಮಾತೂ ಕೇಳುತ್ತಿತ್ತು.

ಲೂರ್ದೆಸ್ ದಪ್ಪ ಪುಸ್ತಕ ಹಿಡಿದು ಬಂದರು. ಆ ಶಾಲೆಯ ಪದ್ಧತಿಯಂತೆ, ಅದರಲ್ಲಿ ಕೊನೆಯದಾಗಿ ಬರೆದಿಟ್ಟಿರುವ ತಪ್ಪನ್ನು ಹೊಸಬರಲ್ಲಿ ಒಬ್ಬರು ಎಲ್ಲರಿಗೂ ಗಟ್ಟಿಯಾಗಿ ಓದಬೇಕು. ಅದಾದ ಮೇಲೆಯೇ ಸಹಿ. ಕೊನೆಯದು ಈ ಸಲ ಒಬ್ಬಳಿಗೆ ಮಾತ್ರ ಓದಲು ಬರುವಂಥದ್ದು ಎಂದರು.

ಬಾಗಿಲಿಗೆ ಹೋಗಿ, "ಮೇಡಂ, ಅದನ್ನು ನಾನೇ ಓದ್ತೀನಿ," ಎಂದೆ.

"ನೀವು ವಿದ್ಯಾರ್ಥಿಯಲ್ಲ ಸರ್," ಎಂದರು.

ಸುಜಾತ ಎದ್ದು ನಿಂತಳು. ನನ್ನ ಅಕ್ಷರ ನೋಡಿ ಮೊದಲು ಮುಗುಳ್ನಕ್ಕಳು. ಆಮೇಲೆ ಓದಿದಳು.

"ಬೆನ್ನಿಯವರ ಸ್ಪ್ಯಾನರನ್ನು ನಾನು ನೋಡಲು ಇಸಿದುಕೊಂಡೆ. ಜೇಬಿಗೆ ಹಾಕಿದ್ದು ಮರೆತೆ. ಕೇಳಿದಾಗ ಜೋರು ಮಾಡಿ ಇಲ್ಲ ಎಂದೆ. ಆಮೇಲೆ ಜೇಬಿನಲ್ಲಿ ಸಿಕ್ಕಿತು. ನಾಚಿಕೆಯಾಗಿ..."

ನಿಂತಳು. ಮುಂದಿನ ಸಾಲನ್ನು ಒಳಗೇ ಓದಿಕೊಂಡದ್ದು ಕಾಣುತ್ತಿತ್ತು. ಬೇಕಾದರೆ ಬಿಟ್ಟುಬಿಡಬಹುದಿತ್ತು. ಆ ಕೋಣೆಯಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ನಾಚಿಕೆಯಾಗಿ ಹುಲ್ಲಿಗೆ ಹಾಕಿ, ಅಲ್ಲಿ ಸಿಕ್ಕಿತೆಂದು ಸುಳ್ಳು ಹೇಳಿದೆ. ಬೆನ್ನಿಯವರದು ತಪ್ಪಿಲ್ಲ."

ಕೆಳಗಿನ ನನ್ನ ಹೆಸರನ್ನೂ ಓದಿದಳು. ಆಮೇಲೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದಳು. ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ.

"ಇದರಲ್ಲಿ ಎಲ್ಲಕ್ಕಿಂತ ಅಪಾಯದ್ದು ಯಾವುದು?" ಲೂರ್ದೆಸ್ ಕೇಳಿದರು. ಒಬ್ಬ ಜೇಬು ಎಂದ. ಇನ್ನೊಬ್ಬಳು ಮರೆವು ಎಂದಳು.

"ಹುಲ್ಲು," ಎಂದಳು ನನ್ನ ಮಗಳು.

ಸಹಿ ಹಾಕಿ ಹೊರಗೆ ಬಂದಳು. ಇಬ್ಬರೂ ಗೇಟಿನವರೆಗೆ ನಡೆದೆವು.

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಕ್ಕೆ ಬಾಯಿ ಬರ್ಲಿಲ್ಲ ಕಣಮ್ಮ."

"ಬರೆಯಕ್ಕೆ ಕೈ ಬಂತಲ್ಲ." ನನ್ನ ಬ್ಯಾಗನ್ನು ಜೀಪ್ನಿಯೊಳಗೆ ತಳ್ಳಿದಳು. "ನನ್ನ ಕೈಲೂ ಏನಾದ್ರೂ ತಪ್ಪಾಗತ್ತೆ ಅಪ್ಪಾ. ಆದಾಗ ಬರೀತೀನಿ."

"ಮೊದ್ಲು ನಂಗೆ ಫೋನ್ ಮಾಡು."

"ಇಲ್ಲ. ಮೊದ್ಲು ಬುಕ್ಕು. ಆಮೇಲೆ ನೀನು."

ಹೆತ್ತು ಸಾಕಿದ ಅಪ್ಪನಿಗಿಂತ ಒಂದು ಪುಸ್ತಕ ಮೊದಲು ಎನ್ನುವ ಹುಡುಗಿಯೊಂದಿಗೆ ಇನ್ನೇನು ವಾದ ಮಾಡುವುದು? ಹೋಗಿ ಬರುತ್ತೇನೆ ಎಂದೆ. ಅವಳು ಬಾಯಿ ಬಿಡಲಿಲ್ಲ. ಹುಬ್ಬು ಎತ್ತಿದಳು, ಅಷ್ಟೇ.